ಗಾಯಕ ಹೋದರೂ ಅಭಿಮಾನಿ ಯಾಕೆ ಹೋಗುವುದಿಲ್ಲ?

2024ರ ಸೆಪ್ಟೆಂಬರ್ 22, ಭಾನುವಾರ. ಬ್ರಿಟನ್ನಿನ ಕೋಲ್ಡ್‌ಪ್ಲೇ ರಾಕ್ ತಂಡದ ನವಿ ಮುಂಬಯಿ ಕಾರ್ಯಕ್ರಮದ ಟಿಕೆಟ್ ಮಾರಾಟ ಮಧ್ಯಾಹ್ನ 12ಕ್ಕೆ ಶುರುವಾಗಬೇಕಿತ್ತು. ಅದಕ್ಕೂ ಮೊದಲೇ ಟಿಕೆಟ್ ಮಾರುವ ಬುಕ್‌ಮೈಶೋ ಜಾಲತಾಣ ಮಲಗಿಬಿಟ್ಟಿತು. ಮತ್ತೆ ತೆರೆದುಕೊಂಡಾಗ ಒಬ್ಬೊಬ್ಬರ ಮುಂದೆಯೂ ಲಕ್ಷಗಟ್ಟಲೆ ಜನರ ಕ್ಯೂ. 2,500 ರೂಪಾಯಿಯಿಂದ 35,000 ರೂಪಾಯಿವರೆಗಿನ ಟಿಕೆಟ್‌ಗಳು ನೋಡನೋಡುತ್ತಲೇ ಖಾಲಿ. ಅವೇ ಟಿಕೆಟ್‌ಗಳು ಬೇರೆ ಜಾಲತಾಣಗಳಲ್ಲಿ ಲಕ್ಷಗಳ ಬೆಲೆ ಹೊತ್ತು ಕಾಣಿಸಿಕೊಂಡವು.

ಡೊಂಬಿವಲಿ, ಮುಲುಂಡ್, ನೆರೂಳಿನ ಕನ್ನಡ ಮನೆಗಳಲ್ಲೂ ಆ ಭಾನುವಾರ ಇದೇ ಗದ್ದಲ. ಅಪ್ಪನ ಲ್ಯಾಪ್‌ಟಾಪ್, ಅಮ್ಮನ ಫೋನ್, ಮಗಳ ಫೋನ್, ಮೂರೂ ಕ್ಯೂನಲ್ಲಿ. ಊಟಕ್ಕೆ ಕರೆದರೆ ಯಾರೂ ಏಳುವುದಿಲ್ಲ. ಮನೆಯ ಹಿರಿಯರಿಗೆ ಒಂದೇ ಪ್ರಶ್ನೆ: "ಫೋನಲ್ಲಿ ಪುಕ್ಕಟೆ ಸಿಗುವ ಹಾಡಿಗೆ ಇಷ್ಟು ದುಡ್ಡು ಯಾಕೆ ಸುರಿಯಬೇಕು?"

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಕೇಳಿದವರ ಇತಿಹಾಸವನ್ನೂ ಸ್ವಲ್ಪ ಕೆದಕಬೇಕು, ಅಲ್ವಾ? ಈ ಹಿರಿಯರಲ್ಲಿ ಎಷ್ಟೋ ಜನ ಡಿಸೆಂಬರ್ ಚಳಿಯಲ್ಲಿ ಪುಣೆಗೆ ಹೋಗಿ ಸವಾಯಿ ಗಂಧರ್ವ ಸಂಗೀತ ಉತ್ಸವದಲ್ಲಿ ರಾತ್ರಿಯಿಡೀ ನೆಲದ ಮೇಲೆ ಕೂತವರು. ಭೀಮಸೇನ ಜೋಶಿ ಹಾಡುತ್ತಿದ್ದದ್ದು ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಶಾಲು ಹೊದ್ದು, ಚಹಾ ಕುಡಿದು, ತೂಕಡಿಸಿ, ಮತ್ತೆ ಎದ್ದು ಕಾದವರಿಗೆ ಆ ದನಿ ಮನೆಯ ರೇಡಿಯೊದಲ್ಲೂ ಸಿಗುತ್ತಿತ್ತು. ಆದರೂ ಹೋದರು. 2000ದ ಶಬ್ದ ಮಾಲಿನ್ಯ ನಿಯಮಗಳು ಬಂದು ರಾತ್ರಿಯಿಡೀ ಹಾಡುವ ರೂಢಿ ನಿಂತಾಗ ಅವರಲ್ಲಿ ಹಲವರು ಪಟ್ಟ ಸಂಕಟ ಇವತ್ತಿಗೂ ಮಾತಿಗೆ ಬರುತ್ತದೆ.

ಹಾಗಾಗಿ ಇದನ್ನು ಹೊಸ ತಲೆಮಾರಿನ ಹುಚ್ಚು ಎಂದು ತಳ್ಳಿಹಾಕಿದರೆ ವಿಷಯ ಕೈತಪ್ಪುತ್ತದೆ. ಹುಚ್ಚು ಹಳೆಯದೇ. ಒಬ್ಬ ಗಾಯಕನನ್ನು ಹಿಡಿದವರು ಮೂವತ್ತು ನಲವತ್ತು ವರ್ಷ ಯಾಕೆ ಬಿಡುವುದಿಲ್ಲ? ದನಿ ಕುಗ್ಗಿದರೂ, ಗಾಯಕನೇ ತೀರಿಕೊಂಡರೂ ಯಾಕೆ ಬಿಡುವುದಿಲ್ಲ? ನನಗೆ ಕಾಣುವುದು ಹೀಗೆ. ಮೊದಲು ಸೆಳೆಯುವುದು ಗಾಯಕನ ದನಿ. ಆಮೇಲೆ ಕಟ್ಟಿಹಾಕುವುದು ಅಭಿಮಾನಿ ತಾನೇ ಅದರ ಮೇಲೆ ಸುರಿದ ವರ್ಷಗಳು, ಪಟ್ಟ ಪಾಡು, ಜೊತೆಗೆ ಸಿಕ್ಕ ಜನ. ನಮ್ಮ ಕರಾವಳಿಯವರಿಗೆ ಬ್ಯಾಂಕಿನ ಲೆಕ್ಕದಲ್ಲಿ ಹೇಳಿದರೆ ಬೇಗ ಹೊಳೆಯುತ್ತದೆ: ಇದು ಠೇವಣಿ. ಅಸಲು ಅಭಿಮಾನಿಯದ್ದೇ.

ಮೊದಲ ಸೆಳೆತದ ವಿಷಯಕ್ಕೆ ಭೀಮಸೇನ ಜೋಶಿಯವರಿಗಿಂತ ಒಳ್ಳೆಯ ಉದಾಹರಣೆ ಬೇಡ. ಅವರೂ ಮೊದಲು ಅಭಿಮಾನಿಯೇ. ಗದಗಿನ ಈ ಹುಡುಗ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿದ. ಬರೀ ಕೆಲವು ನಿಮಿಷಗಳ ಠುಮ್ರಿ, ಅಂದರೆ ಲಘು ಶಾಸ್ತ್ರೀಯ ಹಾಡು. 1933ರಲ್ಲಿ, 11ನೇ ವಯಸ್ಸಿಗೆ, ಹಾಗೆ ಹಾಡಲು ಕಲಿಸುವ ಗುರು ಬೇಕೆಂದು ಮನೆ ಬಿಟ್ಟ. ರೈಲಿನಲ್ಲಿ ಅಲೆದು ಗ್ವಾಲಿಯರ್‌ವರೆಗೂ ಹೋದ. ಕೊನೆಗೆ ನೆಲೆ ಸಿಕ್ಕಿದ್ದು ಮನೆಯಿಂದ ಹೆಚ್ಚು ದೂರವಿಲ್ಲದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಬಳಿ. ಅವರು ಅಬ್ದುಲ್ ಕರೀಂ ಖಾನರದ್ದೇ ಶಿಷ್ಯರು. ಅಂದರೆ ಊರೂರು ಸುತ್ತಿದ ಹುಡುಗ ತಾನು ಮೊದಲು ಕೇಳಿದ ದನಿಯ ಮನೆತನಕ್ಕೇ ಬಂದು ಸೇರಿದ. ಗುರು ತೀರಿಕೊಂಡ ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರುವಾಯಿತು. ಭೀಮಸೇನರು ತಮ್ಮ ಬದುಕಿನ ಬಹುಪಾಲು ಅದನ್ನು ನಡೆಸಿದರು. 2011ರ ಜನವರಿಯಲ್ಲಿ ಅವರು ಹೋದ ಮೇಲೆ ಅವರ ಹೆಸರೂ ಅದಕ್ಕೆ ಸೇರಿಕೊಂಡಿತು. ಒಬ್ಬ ಹುಡುಗನ ಅಭಿಮಾನ ಇಷ್ಟು ದೂರ ಬಂದಿದೆ.

ಆ ಮೊದಲ ಕೆಲವು ನಿಮಿಷದಲ್ಲಿ ತಲೆಯೊಳಗೆ ಏನಾಗುತ್ತದೆ ಎಂಬುದಕ್ಕೆ ಈಗ ಸ್ವಲ್ಪ ಉತ್ತರ ಸಿಕ್ಕಿದೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೇಳಿದರೆ ರೋಮಾಂಚನ ಆಗುವಂಥ ಸಂಗೀತವನ್ನು ಜನರೇ ಆರಿಸಿ ತಂದಿದ್ದರು. ಅದನ್ನು ಕೇಳಿಸುತ್ತಾ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ರೋಮಾಂಚನದ ಕ್ಷಣದಲ್ಲಿ, ಸುಖದ ಅನುಭವಕ್ಕೆ ನಂಟಿರುವ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಅದರಲ್ಲಿ ದೊಡ್ಡ ಆಶ್ಚರ್ಯವೇನಿಲ್ಲ. ಆದರೆ ಆ ಕ್ಷಣಕ್ಕೆ ಸ್ವಲ್ಪ ಮುಂಚೆ, 'ಈಗ ಬರುತ್ತೆ, ಈಗ ಬರುತ್ತೆ' ಎಂದು ಕಾಯುವಾಗಲೂ, ಮಿದುಳಿನ ಇನ್ನೊಂದು ಭಾಗದಲ್ಲಿ ಅದು ಬಿಡುಗಡೆಯಾಗುತ್ತಿತ್ತು.

ಮೆಹಫಿಲ್‌ನಲ್ಲಿ ಕೂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗಾಯಕನ ತಾನ್, ಅಂದರೆ ವೇಗದ ಸ್ವರಗಳ ಓಟ, ಎಲ್ಲೆಲ್ಲೋ ಸುತ್ತಿ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಇಳಿಯುವ ಮೊದಲೇ ಕೇಳುಗರ ಕೈ ಮೇಲಕ್ಕೆದ್ದಿರುತ್ತದೆ. ಸಮ ಬೀಳುತ್ತಿದ್ದಂತೆ ಎಲ್ಲರ ತಲೆ ಒಟ್ಟಿಗೆ ಆಡುತ್ತದೆ. ಈ ಸುಖ ಸಿಗಬೇಕಾದರೆ ಮುಂದೆ ಏನು ಬರಲಿದೆ ಎಂಬ ಅಂದಾಜು ಇರಬೇಕು. ಅಂದಾಜು ಇರಬೇಕಾದರೆ ಆ ದನಿಯನ್ನು ಮೊದಲೇ ಬೇಕಾದಷ್ಟು ಸಲ ಕೇಳಿರಬೇಕು. ಹೊಸ ಗಾಯಕ ಎಷ್ಟೇ ಚೆನ್ನಾಗಿ ಹಾಡಲಿ, ಅವನಿಗಾಗಿ ಕಾಯುವುದು ಕೇಳುಗನಿಗೆ ಇನ್ನೂ ಗೊತ್ತಿಲ್ಲ. ಹಳೆಯ ಗಾಯಕನ ಉಸಿರು ಎಲ್ಲಿ ನಿಲ್ಲುತ್ತದೆ ಎನ್ನುವುದೂ ಬಾಯಿಪಾಠ. ಹೊಸಬರ ಹಾಡು ಸುಮ್ನೆ ಕಿವಿಗೆ ತಾಗಿ ಹೋಗುತ್ತದೆ ಎಂದು ಐವತ್ತು ದಾಟಿದವರು ಹೇಳಿದರೆ ಅದು ಬರೀ ಹಟವಲ್ಲ.

ವಯಸ್ಸೂ ಇಲ್ಲಿ ದೊಡ್ಡ ಪಾಲು ತೆಗೆದುಕೊಳ್ಳುತ್ತದೆ. ಸುಮಾರು ಹತ್ತರಿಂದ ಮೂವತ್ತರವರೆಗಿನ ನೆನಪುಗಳು ಉಳಿದ ವಯಸ್ಸಿನವಕ್ಕಿಂತ ಗಟ್ಟಿಯಾಗಿ ಉಳಿಯುತ್ತವೆ ಎಂಬುದನ್ನು ನೆನಪಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮುಂಬಯಿ ಕನ್ನಡಿಗರ ಮಟ್ಟಿಗೆ ಇದೇ ವಯಸ್ಸು ಊರು ಬಿಟ್ಟ ವಯಸ್ಸು. ಕುಂದಾಪುರ, ಉಡುಪಿ ಕಡೆಯಿಂದ ಹದಿನಾರು ಹದಿನೇಳಕ್ಕೆ ಬಂದು ಹೋಟೆಲಿಗೆ ಸೇರಿದ ಹುಡುಗರನ್ನು ನೆನೆಸಿಕೊಳ್ಳಿ. ಹಗಲು ಟೇಬಲ್ ಒರೆಸುವುದು, ರಾತ್ರಿ ಶಾಲೆ, ಮಲಗುವುದು ಹೋಟೆಲಿನಲ್ಲೇ. 80ರ ದಶಕದಲ್ಲಿ ಶಟರ್ ಎಳೆದ ಮೇಲೆ ಟೇಪ್‌ರೆಕಾರ್ಡರಿನಲ್ಲಿ ಓಡುತ್ತಿದ್ದದ್ದು ಯಕ್ಷಗಾನದ ಕ್ಯಾಸೆಟ್. ಅದರಲ್ಲೂ ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಪದ್ಯ. ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮೂವತ್ತರ ಆಸುಪಾಸಿನ ವಯಸ್ಸು. ಆ ಹುಡುಗರು ಇವತ್ತು ಹೋಟೆಲ್ ಮಾಲೀಕರು, ಅಜ್ಜಂದಿರು. ಅವರ ಮುಂದೆ ನಾವಡರಿಗಿಂತ ಇನ್ನೊಬ್ಬರ ಕಂಠ ಚೆಂದ ಎಂದು ಹೇಳಿ ನೋಡಿ. ಮುಖ ಕೆಂಪಾಗುತ್ತದೆ.

ಯಾಕೆ ಅಷ್ಟು ಸಿಟ್ಟು? ಆ ದನಿಯೊಳಗೆ ಅವರ ಹದಿನೇಳನೇ ವಯಸ್ಸು ಇದೆ. ದುಡ್ಡಿಲ್ಲದ ತಿಂಗಳು, ಊರಿಗೆ ಬರೆದ ಕಾಗದ, ಜೊತೆಗೆ ಮಲಗುತ್ತಿದ್ದ ಗೆಳೆಯರು ಎಲ್ಲ ಇದ್ದಾರೆ. ನಾವಡರ ಬಗ್ಗೆ ಹಗುರಾಗಿ ಮಾತಾಡಿದರೆ ಅವೆಲ್ಲದರ ಬಗ್ಗೆ ಹಗುರಾಗಿ ಮಾತಾಡಿದಂತೆ. ಗಾಯಕನ ಟೀಕೆ ಅಭಿಮಾನಿಗೆ ಯಾಕೆ ತನ್ನ ಮೇಲಿನ ಬೈಗುಳದ ಹಾಗೆ ಕೇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಸಿಕ್ಕಿಲ್ಲ.

ದನಿಯ ಇನ್ನೊಂದು ಗುಣವನ್ನೂ ಹೇಳಬೇಕು. ಅದು ತೀರಾ ಹತ್ತಿರ ಬರುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ಗಾಯಕ ಕೊನೆಯ ಸಾಲಿಗೆ ಕೇಳುವ ಹಾಗೆ ಕಂಠ ಎಸೆಯಬೇಕಿತ್ತು. ಮೈಕ್ ಬಂದ ಮೇಲೆ ಪಿಸುಮಾತೂ ಹಾಡಾಯಿತು. ಇಯರ್‌ಫೋನ್ ಬಂದ ಮೇಲೆ ಆ ಪಿಸುಮಾತು ನೇರ ಕಿವಿಯೊಳಗೆ. ಕಿಕ್ಕಿರಿದ ಕಲ್ಯಾಣ್ ಫಾಸ್ಟ್ ಲೋಕಲ್ ರೈಲಿನಲ್ಲಿ ನಿಂತವನಿಗೆ ಸುತ್ತಲಿನ ನೂರು ಜನ ಅಪರಿಚಿತರು, ಕಿವಿಯಲ್ಲಿರುವ ಒಬ್ಬನೇ ಆಪ್ತ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು 1956ರಲ್ಲೇ ಇದರ ಬಗ್ಗೆ ಬರೆದಿದ್ದರು. ರೇಡಿಯೊ, ಟಿವಿಯಲ್ಲಿ ಬರುವವರ ಜೊತೆ ಜನರಿಗೆ ಒಂದು ಬಗೆಯ ಸ್ನೇಹ ಬೆಳೆಯುತ್ತದೆ, ಆದರೆ ಅದು ಒಂದೇ ಕಡೆಯದ್ದು ಎಂದರು. ನಾವು ಅವರನ್ನು ಬಲ್ಲೆವು, ಅವರಿಗೆ ನಾವು ಗೊತ್ತಿಲ್ಲ.

ಒಂದು ಕಡೆಯ ಸ್ನೇಹ ಎಂದ ಮಾತ್ರಕ್ಕೆ ಅದು ಸುಳ್ಳು ಸ್ನೇಹ ಎಂದು ತಿಳಿಯಬೇಡಿ. ನಿಜವಾದ ಸ್ನೇಹದ ಎಲ್ಲ ಲಕ್ಷಣವೂ ಅದಕ್ಕಿದೆ, ಮುನಿಸೂ ಸೇರಿ. 2025ರಲ್ಲಿ ಸೋನು ನಿಗಮ್ ವಿಷಯದಲ್ಲಿ ಆದದ್ದು ನೆನಪಿರಬಹುದು. ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ಕನ್ನಡ ಹಾಡಿಗಾಗಿ ಬಂದ ಒತ್ತಾಯಕ್ಕೆ ಅವರು ಕೊಟ್ಟ ಪ್ರತಿಕ್ರಿಯೆ ಕನ್ನಡಿಗರನ್ನು ಕೆರಳಿಸಿತು. ಪೊಲೀಸ್ ದೂರು, ಚಿತ್ರರಂಗದ ಅಸಹಕಾರ ಎಲ್ಲ ಆಯಿತು. ಮೇ ತಿಂಗಳಲ್ಲಿ ಅವರು ಕ್ಷಮೆ ಕೇಳಿದರು. ಯಾರು ಸರಿ ಯಾರು ತಪ್ಪು ಎಂಬುದು ಇಲ್ಲಿಯ ವಿಷಯವಲ್ಲ. ನಾನು ಗಮನಿಸಿದ್ದು ಸಿಟ್ಟಿನ ಬಗೆಯನ್ನು. 'ಮುಂಗಾರು ಮಳೆ'ಯ ಕಾಲದಿಂದ ಅವರನ್ನು ಮನೆಯವರು ಎಂದುಕೊಂಡವರೇ ಜಾಸ್ತಿ ಸಿಟ್ಟಾದರು. ಗುರುತಿಲ್ಲದ ಗಾಯಕನೊಬ್ಬ ಅದೇ ಮಾತು ಆಡಿದ್ದರೆ ಎರಡು ದಿನದಲ್ಲಿ ಮರೆತುಹೋಗುತ್ತಿತ್ತು. ಮುಂಬಯಿಯ ಕನ್ನಡಿಗರಲ್ಲೂ ಆಗ ಎರಡು ಪಕ್ಷ ಇತ್ತು. ಎರಡೂ ಪಕ್ಷದವರ ಫೋನಿನಲ್ಲಿ ಅವರ ಹಾಡುಗಳು ಹಾಗೇ ಇದ್ದವು ಎನ್ನುವುದು ಬೇರೆ ಮಾತು.

ಇನ್ನು ಶ್ರಮದ ವಿಷಯ. ನನ್ನ ಮಟ್ಟಿಗೆ ಇಡೀ ಗಂಟು ಬಿಚ್ಚಿಕೊಳ್ಳುವುದು ಇಲ್ಲಿ. 1959ರಲ್ಲಿ ಅಮೆರಿಕದ ಎಲಿಯಟ್ ಆ್ಯರನ್ಸನ್ ಮತ್ತು ಜಡ್ಸನ್ ಮಿಲ್ಸ್ ಒಂದು ಪ್ರಯೋಗ ಮಾಡಿದರು. ಚರ್ಚಾಗುಂಪೊಂದಕ್ಕೆ ಸೇರಲು ಕೆಲವು ವಿದ್ಯಾರ್ಥಿನಿಯರು ಮುಜುಗರದ ಪರೀಕ್ಷೆ ದಾಟಬೇಕಿತ್ತು. ಇನ್ನು ಕೆಲವರಿಗೆ ಪರೀಕ್ಷೆ ಹಗುರ, ಕೆಲವರಿಗೆ ಇಲ್ಲವೇ ಇಲ್ಲ. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಒಂದೇ ಚರ್ಚೆ, ಅದೂ ಬೇಕೆಂದೇ ನೀರಸವಾಗಿ ಮಾಡಿದ್ದು. ಕಷ್ಟಪಟ್ಟು ಒಳಗೆ ಬಂದವರಿಗೇ ಅದು ಹೆಚ್ಚು ಸ್ವಾರಸ್ಯವಾಗಿ ಕಂಡಿತು. ಇಷ್ಟು ಪಾಡುಪಟ್ಟು ಸೇರಿದ್ದೇನೆ, ಅದು ಕೆಲಸಕ್ಕೆ ಬಾರದ್ದು ಎಂದು ಒಪ್ಪಲು ಮನಸ್ಸು ಬರುವುದಿಲ್ಲ.

ಹಾಗೆ ನೋಡಿದರೆ ಕ್ಯೂ ಎಂಬುದು ಅಭಿಮಾನವನ್ನು ಹೆಚ್ಚಿಸುವ ಜಾಗ. ರಾತ್ರಿಯಿಡೀ ಚಳಿಯಲ್ಲಿ ಕೂತ ಪುಣೆಯ ಶ್ರೋತೃವಿಗೂ, ಮೂರು ಪರದೆಗಳ ಮುಂದೆ ಊಟ ಬಿಟ್ಟು ಕೂತ ನೆರೂಳಿನ ಹುಡುಗಿಗೂ ಇದು ಒಂದೇ. ಭೀಮಸೇನರ ಕೊನೆಯ ವರ್ಷಗಳಲ್ಲಿ ದನಿ ಮೊದಲಿನಂತೆ ಇರಲಿಲ್ಲ ಎಂಬುದು ಅವರ ಕಟ್ಟಾ ಅಭಿಮಾನಿಗಳಿಗೂ ಗೊತ್ತಿತ್ತು. ಆದರೂ ಅವರು ವೇದಿಕೆಗೆ ಬಂದರೆ ಸಾಕು, ಜನ ಎದ್ದು ನಿಲ್ಲುತ್ತಿದ್ದರು. ಒಂದು ಸ್ವರ ಹಚ್ಚಿದರೆ ಉಳಿದದ್ದನ್ನು ಕೇಳುಗರೇ ತಮ್ಮ ನೆನಪಿನಿಂದ ತುಂಬಿಕೊಳ್ಳುತ್ತಿದ್ದರು.

ಮೊಹಮ್ಮದ್ ರಫಿ ವಿಷಯದಲ್ಲೂ ಹೀಗೇ. 1969ರ ನಂತರ ಕಿಶೋರ್ ಕುಮಾರ್ ಅಲೆ ಎದ್ದಾಗ ಕೆಲವು ವರ್ಷ ರಫಿಗೆ ಹಾಡುಗಳು ಕಡಿಮೆಯಾದವು. ರಫಿ ಅಭಿಮಾನಿಗಳು ಇನ್ನಷ್ಟು ಗಟ್ಟಿಯಾಗಿದ್ದು ಆ ಕಾಲದಲ್ಲೇ ಎಂದು ಮುಂಬಯಿಯ ಹಳಬರು ಹೇಳುತ್ತಾರೆ. ತಮ್ಮವನು ಸೋಲುತ್ತಿದ್ದಾನೆ ಅನಿಸಿದಾಗ ಜೊತೆ ಬಿಡುವುದು ನಾಚಿಕೆಗೇಡು. 1980ರ ಜುಲೈ 31ರಂದು ರಫಿ ತೀರಿಕೊಂಡರು. ಸುರಿಯುವ ಮಳೆಯಲ್ಲಿ ಸಾವಿರಾರು ಜನ ಜುಹೂ ಕಬರಸ್ತಾನದವರೆಗೆ ನಡೆದರು. 2010ರಲ್ಲಿ ಹೊಸ ಸಮಾಧಿಗಳಿಗೆ ಜಾಗ ಸಾಲದೆ ಅಲ್ಲಿದ್ದ ಹಲವು ಕಲಾವಿದರ ಗೋರಿಗಳನ್ನು ತೆಗೆದರು, ರಫಿಯದ್ದೂ ಹೋಯಿತು. ಅಭಿಮಾನಿಗಳು ಬರುವುದು ನಿಲ್ಲಿಸಲಿಲ್ಲ. ಗೋರಿಗೆ ಹತ್ತಿರವಿದ್ದ ತೆಂಗಿನಮರವನ್ನೇ ಗುರುತು ಮಾಡಿಕೊಂಡರು. ಹುಟ್ಟಿದ ದಿನ, ಸತ್ತ ದಿನ ಅಲ್ಲಿಗೆ ಬರುತ್ತಾರೆ. ಕನ್ನಡಿಗರಿಗೆ ರಫಿ ಮೇಲೆ ಇನ್ನೊಂದು ಹಕ್ಕೂ ಇದೆ. 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಅವರು ಕನ್ನಡದಲ್ಲಿ ಹಾಡಿದ್ದಾರೆ. ಡೊಂಬಿವಲಿಯ ಕರೋಕೆ ಕೂಟಗಳಲ್ಲಿ ಹತ್ತು ಹಿಂದಿ ಹಾಡುಗಳ ನಡುವೆ ಕನ್ನಡಿಗರೊಬ್ಬರು ಎದ್ದು ಆ ಹಾಡು ಹೇಳಿದರೆ ಅವರ ಮುಖದ ಹೆಮ್ಮೆ ನೋಡಬೇಕು. ರಫಿ ತಮ್ಮ ಮನೆಗೆ ಬಂದು ಊಟ ಮಾಡಿ ಹೋದ ಹಾಗೆ.

ಭಾಷೆ ತಿಳಿಯಬೇಕು ಎಂಬ ನಿಯಮವೂ ಇಲ್ಲ. ಕೊರಿಯದ ಬಿಟಿಎಸ್ ತಂಡದ ಹಾಡು ಕೇಳುವ ನಮ್ಮ ಮಕ್ಕಳಿಗೆ ಕೊರಿಯನ್ ಬಾರದು ಎಂದು ನಗುವುದು ಸುಲಭ. ಭೀಮಸೇನರು ದಾಸರ ಪದ ಹಾಡಿದಾಗ ಪುಣೆಯ ಮರಾಠಿ ಶ್ರೋತೃಗಳಿಗೆ ಎಷ್ಟು ಅರ್ಥವಾಗುತ್ತಿತ್ತು? ಅವರು ಮರಾಠಿ ಅಭಂಗ ಹಾಡಿದಾಗ ಧಾರವಾಡದವರು ಡಿಕ್ಷನರಿ ಹಿಡಿದು ಕೂರುತ್ತಿದ್ದರಾ? ಆ ಬಿಟಿಎಸ್ ತಂಡದ ಏಳು ಜನ 2022ರ ಡಿಸೆಂಬರ್‌ನಿಂದ ಒಬ್ಬೊಬ್ಬರಾಗಿ ತಮ್ಮ ದೇಶದ ಕಡ್ಡಾಯ ಸೇನಾ ಕರ್ತವ್ಯಕ್ಕೆ ಹೋದರು. ಕೊನೆಯವನು ಹೊರಬಂದದ್ದು 2025ರ ಜೂನ್‌ನಲ್ಲಿ. ಎರಡೂವರೆ ವರ್ಷ ತಂಡ ಒಟ್ಟಾಗಿ ವೇದಿಕೆಯಲ್ಲಿ ಇರಲಿಲ್ಲ. ಅಭಿಮಾನಿ ಬಳಗ ಚದುರಲಿಲ್ಲ. ದಿನ ಎಣಿಸುತ್ತಾ ಕಾಯುವುದೇ ಅವರಿಗೆ ಒಂದು ಕೆಲಸವಾಯಿತು. ಕಾದಷ್ಟೂ ಠೇವಣಿ ಬೆಳೆಯಿತು.

ಹಳೆಯದಕ್ಕೂ ಇಂದಿನದಕ್ಕೂ ನಿಜವಾದ ವ್ಯತ್ಯಾಸ ಎಲ್ಲಿದೆ ಎಂದರೆ, ಈ ಠೇವಣಿಯ ಗುಟ್ಟು ವ್ಯಾಪಾರಿಗಳಿಗೆ ತಿಳಿದುಬಿಟ್ಟಿದೆ. ಸವಾಯಿ ಉತ್ಸವದಲ್ಲಿ ಚಳಿ ಯಾರೂ ಬೇಕೆಂದು ಇಟ್ಟದ್ದಲ್ಲ. ಈಗ ಕಷ್ಟವನ್ನೇ ಅಳೆದು ಮಾರುತ್ತಾರೆ. ಕೊರಿಯದ ಆಲ್ಬಂ ಒಂದರೊಳಗೆ ತಂಡದ ಯಾರೋ ಒಬ್ಬರ ಫೋಟೊಕಾರ್ಡ್ ಇರುತ್ತದೆ. ಯಾರದ್ದು ಎಂದು ತೆರೆಯುವವರೆಗೆ ಗೊತ್ತಿಲ್ಲ. ಬೇಕಾದವನ ಮುಖ ಸಿಗುವವರೆಗೆ ಅದೇ ಆಲ್ಬಂ ಮತ್ತೆ ಮತ್ತೆ ಕೊಳ್ಳಬೇಕು. ಟಿಕೆಟ್ ಮೊದಲು ಸಿಗಬೇಕಾದರೆ ದುಡ್ಡು ಕೊಟ್ಟು ಸದಸ್ಯರಾಗಬೇಕು. ಅದಕ್ಕೂ ಮೇಲೆ ಮರುಮಾರಾಟದ ದಂಧೆ. ಕೋಲ್ಡ್‌ಪ್ಲೇ ಗಲಾಟೆಯ ನಂತರ ಮುಂಬಯಿ ಪೊಲೀಸರು ತನಿಖೆ ನಡೆಸಿದರು. ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಹೋಯಿತು. 2025ರ ಜನವರಿಯಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಇಂಥದ್ದಕ್ಕೆ ಕಾನೂನು ಮಾಡಬೇಕಾದ್ದು ಶಾಸಕಾಂಗ ಎಂಬುದು ಅದರ ಮಾತು. ಅದು ಸರಿಯೇ ಇರಬಹುದು. ಆದರೆ ಅಭಿಮಾನಿ ಮಾಮೂಲಿ ಗಿರಾಕಿಯಲ್ಲ ಎಂಬುದನ್ನು ಕಾನೂನು ಮಾಡುವವರು ತಿಳಿಯಬೇಕು. ಈರುಳ್ಳಿ ದುಬಾರಿಯಾದರೆ ಜನ ಕೊಳ್ಳುವುದು ಕಡಿಮೆ ಮಾಡುತ್ತಾರೆ. ಟಿಕೆಟ್ ದುಬಾರಿಯಾದಷ್ಟೂ ಅಭಿಮಾನಿಗೆ ಅದನ್ನು ಬಿಡುವುದು ಕಷ್ಟವಾಗುತ್ತದೆ.

ಅಭಿಮಾನ ಹದ ಮೀರುವುದೂ ಉಂಟು. ಮನೋವಿಜ್ಞಾನಿಗಳು 2002ರಲ್ಲಿ ಮೂರು ಹಂತ ಗುರುತಿಸಿದ್ದರು. ಮೊದಲನೆಯದು ಗೆಳೆಯರ ಜೊತೆ ಹರಟೆಗೆ, ಖುಷಿಗೆ. ಎರಡನೆಯದು ತನ್ನೊಳಗೇ ಗಾಯಕನ ಬಗ್ಗೆ ಸದಾ ಯೋಚಿಸುವುದು. ಮೂರನೆಯದು ಅವನಿಗಾಗಿ ಏನು ಬೇಕಾದರೂ ಮಾಡುವ ಮಟ್ಟ. ಬಹುಪಾಲು ಜನ ಮೊದಲ ಹಂತದಲ್ಲೇ ಇರುತ್ತಾರೆ. ಅವರನ್ನು ಕಾಯುವುದು ಜೊತೆಗಿರುವ ಗೆಳೆಯರೇ ಎಂದು ನನ್ನ ಅನಿಸಿಕೆ. ಒಬ್ಬನೇ ಕೋಣೆಯಲ್ಲಿ ಕೂತು ಫೋನಿನಲ್ಲಿ ಜಗಳವಾಡುವ ಅಭಿಮಾನಿಯ ಬಗ್ಗೆ ಚಿಂತೆ ಮಾಡಬೇಕು. ಹತ್ತು ಜನರ ಜೊತೆ ಕೂಗಾಡಿ, ದನಿ ಕಟ್ಟಿಕೊಂಡು ಮನೆಗೆ ಬರುವವಳ ಬಗ್ಗೆ ಅಷ್ಟೇನೂ ಬೇಡ.

ಜೊತೆಗಾರರ ಮಹತ್ವ ಇನ್ನೂ ಒಂದಿದೆ. ಒಟ್ಟಿಗೆ ಹೆಜ್ಜೆ ಹಾಕಿದವರು, ಒಟ್ಟಿಗೆ ಹಾಡಿದವರು ಆಮೇಲೆ ಒಬ್ಬರಿಗೊಬ್ಬರು ಹೆಚ್ಚು ಸಹಕರಿಸುತ್ತಾರೆ ಎಂದು ಸ್ಟ್ಯಾನ್‌ಫರ್ಡ್‌ನ ಇಬ್ಬರು ಸಂಶೋಧಕರು 2009ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಭಜನಾ ಮಂಡಳಿಗಳಿಗೆ ಇದು ಹೊಸ ವಿಷಯವಲ್ಲ. ಮುಂಬಯಿಯಂಥ ಊರಲ್ಲಿ, ಪಕ್ಕದ ಫ್ಲ್ಯಾಟಿನವರ ಹೆಸರು ಗೊತ್ತಿಲ್ಲದ ಜಾಗದಲ್ಲಿ, ಒಬ್ಬ ಗಾಯಕನ ಹೆಸರಿನಲ್ಲಿ ಜನ ಸೇರುವುದು ಸಣ್ಣ ಸಂಗತಿಯಲ್ಲ. ಮದುವೆ ಸಂಬಂಧ ಕೂಡಿದ್ದು, ಆಸ್ಪತ್ರೆಯಲ್ಲಿ ರಕ್ತ ಕೊಟ್ಟದ್ದು, ಕೆಲಸ ಕೊಡಿಸಿದ್ದು, ಇವೆಲ್ಲ ಇಂಥ ಬಳಗಗಳಲ್ಲಿ ನಡೆದಿವೆ. ಗಾಯಕನನ್ನು ಬಿಡುವುದೆಂದರೆ ಇದನ್ನೆಲ್ಲ ಬಿಡಬೇಕು.

ಅಭಿಮಾನಿ ಕೊನೆಗೂ ಬಿಟ್ಟುಹೋಗುವುದು ಯಾವಾಗ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ನಾನು ಕಂಡ ಮಟ್ಟಿಗೆ, ಗಾಯಕ ಕೆಟ್ಟದಾಗಿ ಹಾಡಿದ ಎಂದು ಬಿಟ್ಟವರು ಕಡಿಮೆ. ಬಳಗ ಒಡೆದಾಗ ಬಿಟ್ಟವರೇ ಜಾಸ್ತಿ. ಗೆಳೆಯ ಬೇರೆ ದೇಶಕ್ಕೆ ಹೋದ, ಸೇರುತ್ತಿದ್ದ ಹೋಟೆಲ್ ಮುಚ್ಚಿತು, ವರ್ಷಕ್ಕೊಮ್ಮೆ ಕಾರ್ಯಕ್ರಮ ಮಾಡುತ್ತಿದ್ದವರು ತೀರಿಕೊಂಡರು. ಆಮೇಲೆ ಹಾಡು ಫೋನಿನಲ್ಲಿದ್ದರೂ ಹಾಕುವ ಮನಸ್ಸಾಗುವುದಿಲ್ಲ.

ನಾವಡರ ಅಭಿಮಾನಿಗಳಿಗೆ ಆ ಸ್ಥಿತಿ ಇನ್ನೂ ಬಂದಿಲ್ಲ. ಊರಲ್ಲಿ ತಿರುಗಾಟ ಮುಗಿಸಿದ ಮೇಳಗಳ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬಂದು ಯಕ್ಷಗಾನ ಆಡುತ್ತಾರೆ. ಅಭಿಮಾನಿಗಳು ಅಲ್ಲಿ ಸಿಗುತ್ತಾರೆ. ಆಟ ಮುಗಿದ ಮೇಲೆ ಕೊನೆಯ ಲೋಕಲ್ ತಪ್ಪುವ ಭಯವಿದ್ದರೂ ಬಾಗಿಲ ಹೊರಗೆ ನಿಂತು ವಾದ ಮಾಡುತ್ತಾರೆ: "ಆ ಪದ್ಯವನ್ನ ನಾವಡ್ರು ಹೀಗೆ ಎತ್ತುತ್ತಲೇ ಇರಲಿಲ್ಲ, ಮಾರಾಯ." ಹಾಗೆ ಪಟ್ಟು ಹಿಡಿದು ವಾದಿಸುವವರಲ್ಲಿ 1990ರ ನಂತರ ಹುಟ್ಟಿದ ಹುಡುಗರೂ ಇದ್ದಾರೆ.